ಚರಂಡಿಯ ಅಳತೆಯೂ ಪೌರನೀತಿ ಪಾಠವೇ

ಮಾಹಿತಿ ಹಕ್ಕು ಕಾಯ್ದೆ ಬಂದ ವರ್ಷ 2005 ಎಂದು ಬಾಯಿಪಾಠ ಮಾಡಿಸಿದರೆ ಒಂದು ಅಂಕ ಖಾತ್ರಿ. ಅದೇ ಮಕ್ಕಳ ಕೈಗೆ ಬಿಳಿ ಹಾಳೆ ಕೊಟ್ಟು ಅರ್ಜಿ ಬರೆಯಿರಿ ಅಂದರೆ, ಹತ್ತರಲ್ಲಿ ಎಂಟು ಮಂದಿ ಬರೆಯುವುದು ದೂರನ್ನೇ.

ಹಾಗಾಗಿ ಪಾಠವನ್ನು ಇತಿಹಾಸದಿಂದ ಹಿಡಿಯುವುದು ಒಳ್ಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಬಾರಿ ಸೇರಿದಾಗ ಇದ್ದವರು 144 ಮಂದಿ, ಹೆಚ್ಚಿನವರು ಭೂಮಾಲೀಕರು, ವರ್ತಕರು. ಅಹವಾಲು ಹೇಳಿಕೊಳ್ಳಬಹುದಿತ್ತು, ಅದರಂತೆ ನಡೆಯಲೇಬೇಕೆಂಬ ಕಟ್ಟುಪಾಡು ಸರ್ಕಾರಕ್ಕೆ ಇರಲಿಲ್ಲ. ಇವತ್ತು ಯಾವ ನಾಗರಿಕ ಕೇಳಿದರೂ ಕಚೇರಿ 30 ದಿನದೊಳಗೆ ಉತ್ತರಿಸಬೇಕು. ಈ ಅಂತರ ತಲೆಗೆ ಹೋದಮೇಲೆ ಅರ್ಜಿಗೆ ಬನ್ನಿ.

“ನಮ್ಮ ಬೀದಿಗೆ ಯಾಕೆ ಸರಿಯಾದ ಚರಂಡಿ ಮಾಡಿಲ್ಲ?” ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಕಾಯ್ದೆಯಡಿ ಸಿಗುವುದು ಕಚೇರಿಯಲ್ಲಿರುವ ದಾಖಲೆ. ಕಾರಣ ಯಾವುದಾದರೂ ಕಡತದಲ್ಲಿ ಬರೆದಿದ್ದರಷ್ಟೇ ಅದೂ ಸಿಕ್ಕೀತು. ಹೀಗೆ ತಿದ್ದಿಸಿ: “2024-25ನೇ ಸಾಲಿನಲ್ಲಿ ಇಂಥ ಬೀದಿಯಲ್ಲಿ ನಡೆದ ಚರಂಡಿ ಕಾಮಗಾರಿಯ ಅಂದಾಜು ಪಟ್ಟಿ, ಅಳತೆ ಪುಸ್ತಕದ ಪುಟಗಳು ಮತ್ತು ಪಾವತಿಸಿದ ಬಿಲ್ಲಿನ ದೃಢೀಕೃತ ಪ್ರತಿ ಕೊಡಿ.” (ಅಳತೆ ಪುಸ್ತಕ ಎಂದರೆ ನಡೆದ ಕೆಲಸದ ಉದ್ದ, ಅಗಲ, ಆಳ ಬರೆದಿಡುವ ಕಚೇರಿಯ ದಾಖಲೆ.) ವರ್ಷ, ಜಾಗ, ದಾಖಲೆಯ ಹೆಸರು: ಮೂರರಲ್ಲಿ ಒಂದು ತಪ್ಪಿದರೂ “ಮಾಹಿತಿ ಸ್ಪಷ್ಟವಾಗಿಲ್ಲ” ಎಂಬ ಹಿಂಬರಹ ಗ್ಯಾರಂಟಿ.

ಗ್ರಾಮ ಪಂಚಾಯಿತಿಯಾದರೆ ಅರ್ಜಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೆಸರಿಗೆ, ಸಾರ್ವಜನಿಕ ಮಾಹಿತಿ ಅಧಿಕಾರಿ ಎಂದು ನಮೂದಿಸಿ. ಶುಲ್ಕ 10 ರೂಪಾಯಿ. ಅಂಚೆಯಲ್ಲಿ ಕಳಿಸುವುದಾದರೆ ಪೋಸ್ಟಲ್ ಆರ್ಡರ್ ಲಗತ್ತಿಸಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. (ಪ್ರಬಂಧದಲ್ಲಿ ಪುಟ ತುಂಬಿಸಿ ಅಭ್ಯಾಸವಾದ ಮಕ್ಕಳಿಗೆ ಇದೇ ದೊಡ್ಡ ಕಷ್ಟ.) ಖುದ್ದಾಗಿ ಕೊಟ್ಟರೆ ಜೆರಾಕ್ಸ್ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಬೇಕು. 30 ದಿನದ ಲೆಕ್ಕ ಶುರುವಾಗುವುದು ಅಲ್ಲಿಂದ. ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಪ್ರಥಮ ಮೇಲ್ಮನವಿ.

ಮಕ್ಕಳ ಹೆಸರಲ್ಲಿ ಮಾತ್ರ ಅರ್ಜಿ ಹಾಕಿಸಬೇಡಿ. ಸಣ್ಣ ಊರಲ್ಲಿ ಗುತ್ತಿಗೆದಾರ, ಸದಸ್ಯ, ಹುಡುಗನ ಅಪ್ಪ ಎಲ್ಲ ಒಂದೇ ಬೀದಿಯವರು. ಒತ್ತಡ ಮನೆಗೆ ಬರುತ್ತದೆ. ತರಗತಿಯಲ್ಲಿ ಕರಡು ಸಾಕು. ನಿಜವಾಗಿಯೂ ಕಳಿಸುವುದಿದ್ದರೆ ಒಪ್ಪಿಕೊಂಡ ಹಿರಿಯರೊಬ್ಬರು ಸಹಿ ಹಾಕಲಿ. ಅದಕ್ಕೂ ಮುಂಚೆ ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಪಂಚಾಯಿತಿಯ ಯೋಜನೆ ನೋಡಿಸಿ. ಎಷ್ಟೋ ಸಲ ಕಾಮಗಾರಿಯ ಹೆಸರು ಅಲ್ಲೇ ಇರುತ್ತದೆ.

ಅಳತೆ ಪುಸ್ತಕದ ಪ್ರತಿ ಕೈಗೆ ಬಂತೆನ್ನಿ. ಆಗ ಟೇಪು ಹಿಡಿದು ಬೀದಿಗೆ ಹೋಗಬಹುದು: ಉದ್ದ, ಅಗಲ, ಆಳ. ಇಲ್ಲೇ ಎಡವುವುದು. ಪುಸ್ತಕದಲ್ಲಿ ಅಗೆತದ ಆಳ 75 ಸೆಂ.ಮೀ. ಇದ್ದು, ಟೇಪು 55 ತೋರಿಸಿದ ಕೂಡಲೇ “ದುಡ್ಡು ತಿಂದಿದ್ದಾರೆ” ಅನ್ನುತ್ತಾರೆ. ಅಗೆದ ಗುಂಡಿಯ ತಳಕ್ಕೆ ಕಾಂಕ್ರೀಟ್ ಬಿದ್ದಿರುತ್ತದೆ, ಹೂಳೂ ತುಂಬಿರಬಹುದು. ಅಗೆತ, ತಳದ ಕಾಂಕ್ರೀಟ್, ಪಕ್ಕದ ಗೋಡೆ ಬೇರೆ ಬೇರೆ ಸಾಲಿನಲ್ಲಿರುತ್ತವೆ. ಎಲ್ಲ ಓದಿ, ಕೂಡಿ ಕಳೆದು, ಆಮೇಲೂ ವ್ಯತ್ಯಾಸ ಉಳಿದರೆ ಅದನ್ನು ಅಂಕಿಯಲ್ಲೇ ಬರೆದು ಗ್ರಾಮಸಭೆಯಲ್ಲಿ ಹಿರಿಯರು ಕೇಳಲಿ, ನಡಾವಳಿಯಲ್ಲಿ ದಾಖಲಾಗಲಿ.