ಬಲ ಖಾಲಿಯಾಯ್ತಾ?

ಆಷಾಢದ ಒಂದು ಭಾನುವಾರ. ಸಾಗರದ ನಮ್ಮ ಮನೆಯಲ್ಲಿ ಬೆಳಿಗ್ಗೆಯಿಂದ ಕರೆಂಟ್ ಇರಲಿಲ್ಲ. ಹೊರಗೆ ಬಿಡದ ಮಳೆ. ಎಂಟನೇ ತರಗತಿಯ ಮಗಳು ಕಿರುಪರೀಕ್ಷೆಯ ಉತ್ತರ ಪತ್ರಿಕೆ ಹಿಡಿದು ಮುಖ ಊದಿಸಿಕೊಂಡು ಕೂತಿದ್ದಳು. ‘ಉರುಳುವ ಚೆಂಡು ಸ್ವಲ್ಪ ದೂರ ಹೋಗಿ ಏಕೆ ನಿಲ್ಲುತ್ತದೆ?’ ಅನ್ನುವುದು ಪ್ರಶ್ನೆ. ‘ನಾವು ಕೊಟ್ಟ ಬಲ ಖಾಲಿಯಾಗುವುದರಿಂದ’ ಎಂದು ಇವಳು ಬರೆದಿದ್ದಳು. ಪಕ್ಕದಲ್ಲಿ ಕೆಂಪು ಸೊನ್ನೆ.

“ಸರಿಯಾಗೇ ಇದೆ ಅಲ್ವಾ ಅಮ್ಮ?”

ನಿಜ ಹೇಳಬೇಕೆಂದರೆ ನನಗೂ ಸರಿ ಅಂತಲೇ ಅನಿಸಿತು. ನಾನು ಕಾಮರ್ಸ್ ಓದಿದವಳು. ಮಾವನಂತೂ ಪೂರ್ತಿ ಮೊಮ್ಮಗಳ ಪರ. “ಎತ್ತು ಎಳೆದರೆ ಗಾಡಿ ಹೋಗ್ತದೆ, ಎತ್ತು ನಿಂತರೆ ನಿಲ್ತದೆ. ಇದರಲ್ಲಿ ತಪ್ಪೇನು?” ಎಂದರು. ಹಳೇ ಕಾಲದ ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ ಅಂತೆ. ಸಾವಿರಾರು ವರ್ಷ ಜನ ಅದನ್ನು ನಂಬಿದ್ದರು ಎಂದ ಮೇಲೆ ನಮ್ಮದೇನು ದೊಡ್ಡ ತಪ್ಪು!

ಪುಸ್ತಕದಲ್ಲಿ ‘ಘರ್ಷಣೆ’ ಎಂದಿತ್ತು, ಅಂದರೆ ಒಂದಕ್ಕೊಂದು ಉಜ್ಜಿದಾಗ ಆಗುವ ತಡೆ. ಓದಿದಳು, ಒಪ್ಪಲಿಲ್ಲ. ಬೇಜಾರಿಗೆ ಅಟ್ಟದಿಂದ ಕ್ಯಾರಂ ಬೋರ್ಡ್ ಇಳಿಸಿದೆವು. ಮಳೆಗಾಲದ ಥಂಡಿಗೆ ಬೋರ್ಡ್ ತೇವ ಹಿಡಿದಿತ್ತು. ಎಷ್ಟು ಜೋರಾಗಿ ಹೊಡೆದರೂ ಪಾನ್ ಅರ್ಧ ದಾರಿಯಲ್ಲೇ ನಿಲ್ಲುತ್ತಿತ್ತು. “ನೋಡು, ಬಲ ಖಾಲಿ” ಎಂದಳು, ಗೆದ್ದವಳ ಹಾಗೆ.

ಕ್ಯಾರಂ ಪೌಡರ್ ಇರಲಿಲ್ಲ. ಮಾವನ ಬೆವರುಸಾಲೆ ಪೌಡರ್ ತಂದು ಸುರಿದಳು. ಬಟ್ಟೆಯಲ್ಲಿ ಬೋರ್ಡ್ ಒರೆಸಿ, ಉಜ್ಜಿ, ಮತ್ತೆ ಹೊಡೆದಾಗ ಪಾನ್ ಸುಂಯ್ ಅಂತ ಹೋಯಿತು. “ಈಗ ಜೋರಾಗಿ ಹೊಡೆದೆ, ಅದಕ್ಕೇ” ಎಂದೆ ನಾನು. “ಇಲ್ಲಮ್ಮ, ಅಷ್ಟೇ ಹೊಡೆದೆ.” ಜಗಳ ಬಗೆಹರಿಯಬೇಕಲ್ಲ. ನನ್ನ ಎರಡು ಬೆರಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಕವೆಗೋಲು ಮಾಡಿದಳು. ಪೆನ್ಸಿಲ್ ಗೆರೆಯವರೆಗೆ ಎಳೆದು ಬಿಡುವುದು, ಒಂದು ಕೂದಲಷ್ಟೂ ಜಾಸ್ತಿ ಎಳೆಯುವಂತಿಲ್ಲ. ಬೋರ್ಡಿನ ಒಂದು ಕಡೆ ಪೌಡರ್ ಒರೆಸಿ ತೆಗೆದೆವು. ಅಲ್ಲಿ ಪಾನ್ ಹೋಗಿದ್ದು ಬರೀ ಒಂದು ಗೇಣು. ಪೌಡರ್ ಇದ್ದ ಕಡೆ ಎದುರಿನ ಪಟ್ಟಿಗೆ ಬಡಿದು, ತಿರುಗಿ ನಮ್ಮ ಕಡೆಗೇ ಬಂತು. ಎಳೆದದ್ದು ಅಷ್ಟೇ, ಪಾನ್ ಕೂಡ ಅದೇ.

ಮಗಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಲ ಖಾಲಿಯಾಗೋದಾದರೆ ಎರಡೂ ಕಡೆ ಒಂದೇ ದೂರಕ್ಕೆ ಖಾಲಿಯಾಗಬೇಕಿತ್ತು” ಎಂದಳು. ನನಗೆ ಅಷ್ಟು ಹೊಳೆದಿರಲಿಲ್ಲ. ರಬ್ಬರ್ ಬಿಟ್ಟ ಕ್ಷಣಕ್ಕೆ ಅದರ ಕೆಲಸ ಮುಗಿಯಿತು. ಬಲ ಪಾನಿನ ಹೊಟ್ಟೆಯಲ್ಲಿ ಕೂತು ಹೋಗುವುದಿಲ್ಲ. ಹೊರಟದ್ದು ಹೋಗುತ್ತಲೇ ಇರುತ್ತದೆ, ಬೋರ್ಡು ಉಜ್ಜಿ ಉಜ್ಜಿ ಅದನ್ನು ನಿಲ್ಲಿಸುತ್ತದೆ. ನ್ಯೂಟನ್ 1687ರಲ್ಲಿ ಚಲನೆಯ ಮೊದಲ ನಿಯಮ ಅಂತ ಬರೆದದ್ದು ಇದನ್ನೇ.

ಪಾನಿನ ಜಾಗದಲ್ಲಿ ಸ್ಟ್ರೈಕರ್ ಇಟ್ಟೂ ನೋಡಿದೆವು. ಪಾನ್ ಸುಮಾರು 5 ಗ್ರಾಂ, ಸ್ಟ್ರೈಕರ್ 15 ಗ್ರಾಂವರೆಗೆ ಇರಬಹುದು. ಅಷ್ಟೇ ಎಳೆತಕ್ಕೆ ಸ್ಟ್ರೈಕರ್ ಸೋಮಾರಿಯ ಹಾಗೆ ಹೊರಟಿತು.

ಮಾವ ಇಷ್ಟು ಹೊತ್ತು ಸುಮ್ನೆ ನೋಡುತ್ತಿದ್ದವರು, “ಓ, ಅದಕ್ಕೇ ಗಾಡಿಗೆ ಕೀಲೆಣ್ಣೆ ಹಾಕೋದು” ಎಂದರು. ಇಳಿಜಾರಿನಲ್ಲಿ ಎತ್ತು ನಿಂತರೂ ಗಾಡಿಯೇ ಎತ್ತನ್ನು ನೂಕುತ್ತಿದ್ದುದು ಅವರಿಗೆ ಆಗ ನೆನಪಾಯಿತು. ಪಕ್ಷ ಬದಲಾಯಿಸಲು ಅವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ.

“ಉಜ್ಜೋದಕ್ಕೆ ಏನೂ ಇಲ್ಲದಿದ್ದರೆ?” ಎಂದಳು ಮಗಳು. 1977ರಲ್ಲಿ ಹಾರಿಸಿದ ವಾಯೇಜರ್ 1 ಬಾಹ್ಯಾಕಾಶ ನೌಕೆಯ ಕಥೆ ಹೇಳಿದೆ. ತಳ್ಳುವ ಎಂಜಿನ್ ಇಲ್ಲದೆಯೇ ಅದು ಇಂದಿಗೂ ಸೆಕೆಂಡಿಗೆ ಸುಮಾರು 17 ಕಿಲೋಮೀಟರ್ ಓಡುತ್ತಿದೆ. ಸೂರ್ಯ ಹಿಂದಿನಿಂದ ಒಂಚೂರು ಎಳೆಯುತ್ತಾನೆ, ಅಷ್ಟೇ. ಅವಳು ಕಿಟಕಿಯಿಂದ ಮೋಡ ನೋಡುತ್ತಾ ಕೂತಳು.

ಮರುದಿನ ಸ್ನಾನ ಮುಗಿಸಿ ಬಂದ ಮಾವ ಪೌಡರ್ ಡಬ್ಬಿ ತಲೆಕೆಳಗು ಮಾಡಿ ಅಲ್ಲಾಡಿಸಿದರು.

“ಕೂಸೇ, ಇದಂತೂ ಖಾಲಿಯೇ ಆಗಿದ್ದು ತಾನೆ?”