ಹುಬ್ಬಳ್ಳಿ-ಧಾರವಾಡಕ್ಕೆ ಹಳೆಯ ಸ್ವಿಫ್ಟ್: ನೋಡಿ ಕೊಳ್ಳುವ ಬಗೆ

ಕಡಿಮೆ ದುಡ್ಡಿನಲ್ಲಿ ಓಡಿಸೋ ಖುಷಿಯೂ ಬೇಕು, ದಿನದ ಕೆಲಸಕ್ಕೂ ಆಗಬೇಕು ಅಂದ್ರೆ ನನ್ನ ಮೊದಲ ಆಯ್ಕೆ 2011ರಿಂದ 2017ರ ನಡುವಿನ ಪೆಟ್ರೋಲ್ ಸ್ವಿಫ್ಟ್. 1197 ಸಿಸಿಯ ಎಂಜಿನ್ ಹಗುರ, ಎಳೆದಷ್ಟೂ ಹುರುಪು. ಎಂಜಿನ್ ಒಳಗಿನ ಭಾಗಗಳನ್ನು ಒಂದೇ ತಾಳಕ್ಕೆ ತಿರುಗಿಸೋಕೆ ಬೆಲ್ಟಿನ ಜಾಗದಲ್ಲಿ ಟೈಮಿಂಗ್ ಚೈನ್ ಇರೋದರಿಂದ ಬೆಲ್ಟ್ ಹೊಸದು ಹಾಕಿಸೋ ಖರ್ಚೂ ಇಲ್ಲ. ಬಿಡಿಭಾಗ ಗದಗ, ಹಾವೇರಿಯಲ್ಲೂ ಸಿಗುತ್ತವೆ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ಮೊದಲೇ ಚಾಲೂ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬನ್ನಿ. ಚಾಲೂ ಆದಾಗ ಚೈನ್ ಗರಗರ ಅಂದು ನಿಲ್ಲದಿದ್ದರೆ, ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಬಿಟ್ಟುಬಿಡಿ.

ನಮ್ಮ ಕಡೆ ಎರೆಮಣ್ಣಿನದ್ದೇ ದೊಡ್ಡ ಕಾಟ. ಚಕ್ರದ ಮೇಲಿನ ಗೂಡಿನಲ್ಲಿ ಅಂಟಿ, ವಾರಗಟ್ಟಲೆ ತೇವ ಹಿಡಿದು ಒಳಗಿಂದಲೇ ತುಕ್ಕು ತಿನ್ನಿಸುತ್ತದೆ. ಟಾರ್ಚ್ ಹಿಡಿದು ಬಗ್ಗಿ, ಬಾಗಿಲ ಕೆಳಗಿನ ಅಂಚನ್ನು ಬೆರಳಿಂದ ಒತ್ತಿ. ಬಣ್ಣ ಉಬ್ಬಿದ್ದರೆ ಒಳಗೆ ತಗಡು ಪುಡಿಯಾಗಿರುತ್ತದೆ.

ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರಿನಲ್ಲಿ ಮೂರನೇ ಗೇರ್‌ನಲ್ಲಿ ಎಕ್ಸಿಲರೇಟರ್ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ. ಗುಂಡಿಯಲ್ಲಿ ಮುಂದೆ ಕಟಕಟ ಅಂದರೆ ಸಸ್ಪೆನ್ಷನ್‌ನ ಲಿಂಕ್ ರಾಡ್ ಅಥವಾ ಬುಷ್ ಸವೆದಿರುತ್ತದೆ. ಅದಕ್ಕೆ ಹೆದರಬೇಡಿ, ಬೆಲೆ ಇಳಿಸಿ. ಟೈರಿನ ಮೇಲೆ 2319 ಇದ್ದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ್ದರೆ ಹೊಸ ಟೈರಿನ ದುಡ್ಡೂ ಲೆಕ್ಕ ಹಾಕಿ.

ಗಾಡಿ ನಿಮ್ಮ ಹೆಸರಿಗೆ ಮಾಡಿಸೋ ಆರ್‌ಟಿಓ ಫಾರ್ಮ್ 29, 30ಕ್ಕೆ ಸಹಿ ಆಗದೆ ಪೂರ್ತಿ ದುಡ್ಡು ಕೊಡಬೇಡಿ. ಸಾಲದ ಗಾಡಿಯಾಗಿದ್ದರೆ ಸಾಲ ತೀರಿದೆ ಅನ್ನೋ ಬ್ಯಾಂಕಿನ ಎನ್‌ಓಸಿ ಜೊತೆ, ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರ್ಮ್ 35 ಕೂಡ ಬೇಕು.