ಗ್ರಾಹಕರ ಪಟ್ಟಿ ಯಾರ ಕೈಗೆ ಹೋಯಿತು?

ಬ್ಯಾಂಕು, ಷೇರು ಬ್ರೋಕಿಂಗ್, ವೆಲ್ತ್ ಮ್ಯಾನೇಜ್‌ಮೆಂಟ್ (ಹಣವಂತರ ಹೂಡಿಕೆ ನೋಡಿಕೊಳ್ಳುವ) ಕೆಲಸಗಳಲ್ಲಿ ಒಂದೇ ಹುದ್ದೆಗೆ ಒಟ್ಟಿಗೆ ಸೇರಿದ ಗಂಡಸರ, ಹೆಂಗಸರ ಮೂಲ ಸಂಬಳದಲ್ಲಿ ಸಾಮಾನ್ಯವಾಗಿ ಹೆಚ್ಚು ಅಂತರ ಇರುವುದಿಲ್ಲ. ಹತ್ತು ವರ್ಷ ಬಿಟ್ಟು ನೋಡಿದರೆ ಎಷ್ಟೋ ಕಡೆ ಅವನು ವಿಭಾಗದ ಮುಖ್ಯಸ್ಥ, ಅವಳು ಸೇರಿದ ಜಾಗದಲ್ಲೇ. ನಡುವೆ ಆದದ್ದೇನು ಎಂದು ತಿಳಿಯಬೇಕಾದರೆ ಗ್ರಾಹಕರ ಪಟ್ಟಿ ತೆಗೆದು ನೋಡಬೇಕು.

ದೊಡ್ಡ ಗ್ರಾಹಕರ ಖಾತೆ ನೋಡಿಕೊಳ್ಳುವ ಹಿರಿಯ ರಿಲೇಷನ್‌ಶಿಪ್ ಮ್ಯಾನೇಜರ್ ಒಬ್ಬರು ಕೆಲಸ ಬಿಟ್ಟರೆನ್ನಿ. ಅವರ ಗ್ರಾಹಕರನ್ನು ಹಂಚುವಾಗ ಎಷ್ಟೋ ಕಡೆ ಸೂಚನೆಯೂ ಇಲ್ಲ, ಅರ್ಜಿಯೂ ಇಲ್ಲ. ‘ಇವನಿಗೆ ಕೊಡಿ, ನಿಭಾಯಿಸ್ತಾನೆ’ ಎಂಬ ಒಂದು ಮಾತಿಗೆ ಮುಗಿಯಿತು. ಆಗಾಗ ವಹಿವಾಟು ಮಾಡುವ ದೊಡ್ಡ ಗ್ರಾಹಕರು ಗಂಡಸರ ಪಾಲಿಗೆ, ವರ್ಷಗಟ್ಟಲೆ ಅಲುಗಾಡದ ಖಾತೆಗಳು ಹೆಂಗಸರ ಪಾಲಿಗೆ. ಆಮೇಲೆ ಅಪ್ರೈಸಲ್‌ನಲ್ಲಿ, ಅಂದರೆ ವರ್ಷದ ಕೆಲಸ ಅಳೆಯುವಾಗ, ‘ಅಂಕಿ ಸುಳ್ಳು ಹೇಳಲ್ಲ’ ಎನ್ನುತ್ತಾರೆ. ಅಮೆರಿಕದ ಎರಡು ದೊಡ್ಡ ಬ್ರೋಕಿಂಗ್ ಸಂಸ್ಥೆಗಳ ಬಗ್ಗೆ ಸಂಶೋಧಕಿ ಜಾನಿಸ್ ಮ್ಯಾಡನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿನ ಬುಡವನ್ನೇ ಅಲ್ಲಾಡಿಸುತ್ತದೆ: ಸಮಾನ ಖಾತೆ ಕೊಟ್ಟಾಗ ಹೆಂಗಸರ ಮಾರಾಟ ಗಂಡಸರಷ್ಟೇ ಇತ್ತು; ಕಮಿಷನ್ ಕಡಿಮೆಯಾಗಿದ್ದು ಅವರಿಗೆ ಸಿಕ್ಕ ಖಾತೆಗಳಿಂದ. ಬ್ರಿಟನ್‌ನಲ್ಲಿ 2017ರ ಕಾನೂನಿನಂತೆ ದೊಡ್ಡ ಸಂಸ್ಥೆಗಳು ಸಂಬಳದ ಅಂತರ, ಬೋನಸ್ ಅಂತರ ಎರಡನ್ನೂ ಪ್ರಕಟಿಸಬೇಕು. ಖಾತೆ ಹಂಚಿಕೆಯನ್ನು ಮಾತ್ರ ಆ ಕಾನೂನೂ ಕೇಳುವುದಿಲ್ಲ.

ಹೆಚ್ಚು ಪೆಟ್ಟು ಬೀಳುವುದು ಹೆರಿಗೆ ರಜೆಯ ವರ್ಷ. ವರ್ಷದ ಟಾರ್ಗೆಟ್ 120 ಹೊಸ ಖಾತೆ, ಆರು ತಿಂಗಳು ರಜೆ, ಉಳಿದ ಆರು ತಿಂಗಳಲ್ಲಿ 66 ಖಾತೆ ಬಂತು ಎಂದಿಟ್ಟುಕೊಳ್ಳಿ. ಟಾರ್ಗೆಟನ್ನು 60ಕ್ಕೆ ಇಳಿಸಿದರೆ ಸಾಧನೆ ಶೇ 110. ಇಳಿಸದಿದ್ದರೆ ಶೇ 55. ಕೆಲಸ ಅದೇ, ರೇಟಿಂಗ್ ಮಾತ್ರ ನೆಲ ಕಚ್ಚುತ್ತದೆ. ಮುಂದಿನ ಪ್ರಮೋಷನ್‌ಗೆ ಎರಡು ವರ್ಷದ ರೇಟಿಂಗ್ ನೋಡುವ ಕಡೆ ಇದೊಂದು ಅಂಕಿ ಎರಡು ವರ್ಷ ಬೆನ್ನು ಬಿಡುವುದಿಲ್ಲ.

ಹಾಗಾಗಿ ರಜೆಗೆ ಒಂದು ತಿಂಗಳು ಮುಂಚೆಯೇ ಹಾಳೆಯೊಂದನ್ನು ಸಿದ್ಧ ಮಾಡಿ. ಪ್ರತಿ ಗ್ರಾಹಕರ ಹೆಸರು, ಈಗಿನ ಮೊತ್ತ, ಹಿಂದಿನ 12 ತಿಂಗಳ ಆದಾಯ, ಮಾತುಕತೆಯಲ್ಲಿರುವ ವ್ಯವಹಾರ ಯಾವ ಹಂತದಲ್ಲಿದೆ, ತಾತ್ಕಾಲಿಕವಾಗಿ ನೋಡಿಕೊಳ್ಳುವವರು ಯಾರು. ಇದನ್ನು ಸಂಸ್ಥೆಯ ಮೇಲ್‌ನಲ್ಲೇ ಮ್ಯಾನೇಜರ್‌ಗೆ, ಎಚ್‌ಆರ್‌ಗೆ ಕಳಿಸಿ ಮೂರು ಪ್ರಶ್ನೆಗೆ ಉತ್ತರ ಕೇಳಿ: ಟಾರ್ಗೆಟ್ ಎಷ್ಟಕ್ಕೆ ಇಳಿಯುತ್ತದೆ, ಯಾವ ಖಾತೆಗಳು ಯಾವ ದಿನ ವಾಪಸ್ ಬರುತ್ತವೆ, ನಾನು ಶುರುಮಾಡಿದ ವ್ಯವಹಾರ ರಜೆಯಲ್ಲಿ ಕೈಗೂಡಿದರೆ ಪಾಲು ಹೇಗೆ. ‘ಬಿಡಿ, ನೋಡ್ಕೊಳ್ಳೋಣ’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ. ಹೇಳಿದವರು ಕೆಟ್ಟವರೆಂದಲ್ಲ, ನೀವು ಬರುವಷ್ಟರಲ್ಲಿ ಅವರಿಗೇ ವರ್ಗವಾಗಿರಬಹುದು.

ತಂಡ ನಡೆಸುವವರು ಪ್ರತಿಯೊಬ್ಬರ ಒಟ್ಟು ಆದಾಯದ ಪಕ್ಕದಲ್ಲಿ, ಪಟ್ಟಿ ಅವರ ಕೈಗೆ ಸಿಕ್ಕಾಗ ಅದರಿಂದ ಬರುತ್ತಿದ್ದ ಆದಾಯವನ್ನೂ ಬರೆಯಲಿ. 400 ಇದ್ದದ್ದು 440 ಆದರೆ ಬೆಳೆದದ್ದು ಶೇ 10. 100 ಇದ್ದದ್ದು 130 ಆದರೆ ಶೇ 30. ಒಂದು ಎಚ್ಚರ: ಚಿಕ್ಕ ಪಟ್ಟಿ ಶೇಕಡಾವಾರು ಬೇಗ ಬೆಳೆಯುತ್ತದೆ. ಅದಕ್ಕೇ ಹೆಚ್ಚುಕಡಿಮೆ ಒಂದೇ ಗಾತ್ರದ ಪಟ್ಟಿ ಇರುವವರನ್ನೇ ಹೋಲಿಸಬೇಕು. ದೊಡ್ಡ ಗಾತ್ರದ ಸಾಲಿನಲ್ಲಿ ಹೆಂಗಸರ ಹೆಸರೇ ಸಿಗದಿದ್ದರೆ, ಮೊದಲು ಸರಿಪಡಿಸಬೇಕಾದದ್ದು ಹಂಚಿಕೆಯನ್ನು.